ಪಾದ್ರಿಯ ಮಗನೂ ದುಂಬಿಯ ನೆನಪೂ

ದುಂಬಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಿದಿರ ಗಳುವನ್ನೋ ಒಣಗಿದ ತೊಲೆಯನ್ನೋ ದುಂಡಗೆ ಕೊರೆದು ಮನೆ ಮಾಡುವ, ಮಿರುಗುವ ಕರಿಯ ಮೈಯ ದೊಡ್ಡ ಹುಳು. ತೊಗರಿ ಹೂವಾದ ಹೊಲದಲ್ಲಿ ಅದರ ಮೊರೆತವನ್ನು ಕೇಳದ ರೈತನಿಲ್ಲ. ಶರಣರ ವಚನಗಳಲ್ಲಿ ಭ್ರಮರವು ಮತ್ತೆ ಮತ್ತೆ ಬರುತ್ತದೆ. ಚೆನ್ನಮಲ್ಲಿಕಾರ್ಜುನನನ್ನು ಅರಸಿ ಹೊರಟ ಅಕ್ಕಮಹಾದೇವಿಯವರು ದಾರಿಯಲ್ಲಿ ದುಂಬಿಗಳನ್ನೂ ಮಾತನಾಡಿಸಿದವರು. ಈ ತಿಂಗಳ ಅಂಕಣದಲ್ಲಿ ಹೇಳಹೊರಟಿರುವುದು ಈ ದುಂಬಿಯ ದೂರದ ದಾಯಾದಿಯೊಂದರ ಕಥೆಯನ್ನು. ಇಂಗ್ಲಿಷಿನವರು ಅದನ್ನು ಬಂಬಲ್‌ಬೀ ಎನ್ನುತ್ತಾರೆ, ರಷ್ಯದವರು ಶ್ಮೆಲ್ ಎನ್ನುತ್ತಾರೆ. ಮೈತುಂಬ ಹೊದ್ದ ಕಂಬಳಿಯಂಥ ರೋಮ, ಅದರಲ್ಲಿ ಹಳದಿ ಕಪ್ಪು ಪಟ್ಟೆ. ಚಳಿನಾಡಿನ ಜೀವಿಯಾದ್ದರಿಂದ ಕರ್ನಾಟಕದ ಬಯಲಿನಲ್ಲಿ ಇದಿಲ್ಲ. ಭಾರತದಲ್ಲಿ ನೋಡಬೇಕೆಂದರೆ ಹಿಮಾಲಯದ ತಂಪಿಗೇ ಹೋಗಬೇಕು. ರಷ್ಯದಲ್ಲಿ ಮಾತ್ರ ಇದು ಮಕ್ಕಳ ಕಥೆಗೂ ಸೇರಿದ ಹುಳು. ಪುಷ್ಕಿನ್ ಕವಿಯ ಸಾಲ್ತಾನ್ ದೊರೆಯ ಕಥೆಯಲ್ಲಿ ರಾಜಕುಮಾರನು ಒಮ್ಮೆ ಶ್ಮೆಲ್ ಆಗಿ ಹಾರುತ್ತಾನೆ; ಆ ಕಥೆಯನ್ನು 1900ರಲ್ಲಿ ಗೀತನಾಟಕವಾಗಿಸಿದ ರಿಮ್‌ಸ್ಕಿ-ಕೊರ್ಸಕೊವ್ ಆ ಹಾರಾಟಕ್ಕೆ ಕಟ್ಟಿದ ವಾದ್ಯಸಂಗೀತ ಇಂದು ಲೋಕಪ್ರಸಿದ್ಧ.

ಈ ಹುಳುವಿನ ಬಾಳು ಒಂದೇ ವರ್ಷದ್ದು. ಹೆಜ್ಜೇನು ತುಡುವೆಗಳಂತೆ ಸಾವಿರಾರು ಹುಳುಗಳ ನಿತ್ಯಸಂಸಾರ ಇದಕ್ಕಿಲ್ಲ. ಚಳಿಗಾಲ ಪೂರ್ತಿ ರಾಣಿಯೊಬ್ಬಳೇ ಮಣ್ಣಿನೊಳಗೆ ಅಡಗಿ ಮಲಗಿರುತ್ತಾಳೆ. ವಸಂತದಲ್ಲಿ ಎದ್ದು, ಇಲಿ ಬಿಟ್ಟುಹೋದ ಬಿಲದಂಥ ಜಾಗವನ್ನು ಹುಡುಕಿ, ಮೇಣದ ಪುಟ್ಟ ಕುಡಿಕೆ ಕಟ್ಟಿ ಅದರಲ್ಲಿ ಮಕರಂದ ತುಂಬಿಟ್ಟು, ಮೊಟ್ಟೆಯಿಟ್ಟು, ಹಕ್ಕಿಯಂತೆ ಅದರ ಮೇಲೆ ಕುಳಿತು ತನ್ನ ಮೈಬಿಸಿಯಿಂದಲೇ ಕಾವು ಕೊಡುತ್ತಾಳೆ. ಹಾರುವ ಸ್ನಾಯುಗಳನ್ನು ನಡುಗಿಸಿ ಮೈಯನ್ನು ಬಿಸಿಯಾಗಿಸಿಕೊಳ್ಳುವ ವಿದ್ಯೆ ಇದಕ್ಕೆ ಹುಟ್ಟಿನಿಂದ ಬಂದದ್ದು. ಆದುದರಿಂದಲೇ ಜೇನು ಗೂಡು ಬಿಟ್ಟು ಹೊರಬಾರದ ಚಳಿಯಲ್ಲೂ ಇದು ಹೂವಿಗೆ ಹೋಗಬಲ್ಲದು. ಬೇಸಿಗೆಗೆ ಸಂಸಾರ ಬೆಳೆದು ಕೆಲವು ನೂರಕ್ಕೆ ಮುಟ್ಟುತ್ತದೆ. ಬೇಸಿಗೆಯ ಕೊನೆಗೆ ಹೊಸ ರಾಣಿಯರೂ ಗಂಡುಗಳೂ ಹುಟ್ಟಿ ಹೊರಟುಹೋಗುತ್ತವೆ. ಉಳಿದವೆಲ್ಲ ಚಳಿಗೆ ಸಾಯುತ್ತವೆ. ಮರುವರ್ಷದ ವಂಶವೆಲ್ಲ ಆ ಕೆಲವೇ ಹೊಸ ರಾಣಿಯರ ಒಡಲಲ್ಲಿದೆ.

ಕೂಡಿಟ್ಟ ಜೇನು ಹೆಚ್ಚಿಲ್ಲ, ದುಡಿಯುವ ಕೈಗಳೂ ಹೆಚ್ಚಿಲ್ಲ. ಆದಕಾರಣ ಪ್ರತಿಯೊಂದು ಹುಳುವೂ ಯಾವ ಹೂವಿನ ವಾಸನೆಯಲ್ಲಿ ಮಕರಂದವಿತ್ತು, ಯಾವ ಹೂವು ಬರಿದು, ಗೂಡಿಗೆ ಮರಳುವ ದಾರಿ ಯಾವುದು ಎಂಬುದನ್ನು ಕಲಿಯಬೇಕು, ಕಲಿತದ್ದನ್ನು ನೆನಪಿನಲ್ಲಿಡಬೇಕು. ದುಂಬಿಯ ಬದುಕು ನಿಂತಿರುವುದೇ ಈ ನೆನಪಿನ ಮೇಲೆ. ರೈತನ ಲಾಭವೂ ಅದರ ಮೇಲೆಯೇ. ಕೆಂಪು ಕ್ಲೋವರ್ ಎಂಬ ದನದ ಮೇವಿನ ಗಿಡದ ಹೂವು ಉದ್ದ ಕೊಳವೆಯಂಥದು. ಉದ್ದ ನಾಲಗೆಯ ದುಂಬಿಯಿಲ್ಲದೆ ಅದು ಚೆನ್ನಾಗಿ ಬೀಜ ಕಟ್ಟದು. ನ್ಯೂಜಿಲೆಂಡಿನವರು ಇದನ್ನರಿತು 1885ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ದುಂಬಿರಾಣಿಯರನ್ನು ತರಿಸಿಕೊಂಡರು. ಟೊಮೇಟೊ ಹೂವನ್ನು ಹಿಡಿದು ಮೈಯನ್ನು ಝೇಂಕರಿಸಿ ಪರಾಗವನ್ನು ಉದುರಿಸಿಕೊಳ್ಳುವ ಚಾತುರ್ಯವೂ ಇದಕ್ಕುಂಟು. ಅದಕ್ಕಾಗಿ 1980ರ ದಶಕದ ಕೊನೆಯಿಂದ ಬೆಲ್ಜಿಯಂ, ಹಾಲೆಂಡ್‌ಗಳಲ್ಲಿ ಇವುಗಳನ್ನು ಪೆಟ್ಟಿಗೆಯಲ್ಲಿ ಸಾಕಿ ಗಾಜಿನಮನೆಗಳ ಬೆಳೆಗಾರರಿಗೆ ಮಾರುವ ಉದ್ಯಮವೇ ಬೆಳೆಯಿತು.

ಇಂಥ ಜೀವಿಗೆ ಕೀಟನಾಶಕದಿಂದ ಆಗುವ ಕೇಡೇನು? ಸಿಂಪಡಿಸಿದ ಹೊಲದಲ್ಲಿ ಸತ್ತುಬಿದ್ದ ಹುಳುಗಳನ್ನು ಎಣಿಸಬಹುದು. 1991ರಲ್ಲಿ ಇಮಿಡಾಕ್ಲೋಪ್ರಿಡ್ ಮಾರುಕಟ್ಟೆಗೆ ಬಂದ ಮೇಲೆ ಈ ಲೆಕ್ಕ ಸಾಲದಾಯಿತು. ಹೊಗೆಸೊಪ್ಪಿನ ನಿಕೋಟಿನ್ನನ್ನು ಹೋಲುವ ಈ ವರ್ಗದ ವಿಷಗಳಿಗೆ ನಿಯೊನಿಕೋಟಿನಾಯ್ಡ್ ಎಂದು ಹೆಸರು; ಥಯಾಮೆಥೊಕ್ಸಾಮ್, ಕ್ಲೋಥಿಯಾನಿಡಿನ್ ಇವೂ ಆ ಕುಲದವೇ. ಬಿತ್ತುವ ಬೀಜಕ್ಕೆ ಲೇಪಿಸಿದರೆ ಸಾಕು, ಗಿಡ ಬೆಳೆದಂತೆ ಅದರ ರಸದಲ್ಲಿ ಹರಿದು ಎಲೆಗೂ ಹೂವಿಗೂ ಮುಟ್ಟುತ್ತವೆ. ಎಲೆ ತಿಂದ ಹುಳು ಸಾಯುತ್ತದೆ. ಹೂವಿನ ಮಕರಂದದಲ್ಲಿಯೂ ಪರಾಗದಲ್ಲಿಯೂ ಉಳಿಯುವುದು ಮಾತ್ರ ಅತ್ಯಲ್ಪ. ಅದನ್ನುಂಡ ದುಂಬಿ ಸಾಯುವುದಿಲ್ಲ, ಎಂದಿನಂತೆ ಎದ್ದು ಹಾರುತ್ತದೆ. ಹಾಗಾದರೆ ಕೇಡೇ ಆಗಲಿಲ್ಲವೇ? ನರಮಂಡಲವನ್ನು ಹೊಗುವ ವಿಷ ಕೊಲ್ಲದೆ ಬಿಟ್ಟಾಗ ಕೆಡಿಸುವುದು ಅರಿವನ್ನು. ಆದರೆ ಮಾತಿಲ್ಲದ ಒಂದು ಹುಳು ಮರೆತಿದೆ ಎಂಬುದನ್ನು ಅಳೆದು ತೋರಿಸುವುದು ಹೇಗೆ?

ಆ ಅಳತೆಗೋಲು ಸಿಕ್ಕಿದ್ದು ರಷ್ಯದ ಒಂದು ಪಾದ್ರಿಯ ಮನೆಯಲ್ಲಿ ಹುಟ್ಟಿದ ವಿಜ್ಞಾನಿಯಿಂದ. ಟಿ.ಸಿ.ಎಚ್., ಬಿ.ಎಡ್. ಓದಿದವರು ನಮ್ಮ ಮನೆಗಳಲ್ಲಿ ಬಹಳ. ಅವರೆಲ್ಲರಿಗೂ ಇವರ ನಾಯಿ ಗೊತ್ತು. ನಾಯಿಯ ಹಿಂದಿದ್ದ ಮನುಷ್ಯನ ಪರಿಚಯ ಅಷ್ಟಾಗಿ ಇಲ್ಲ.

ಇವಾನ್ ಪೆಟ್ರೊವಿಚ್ ಪಾವ್ಲೊವ್ 1849ರ ಸೆಪ್ಟೆಂಬರಿನಲ್ಲಿ ಮಾಸ್ಕೋದ ಆಗ್ನೇಯಕ್ಕಿರುವ ರಿಯಾಜಾನ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಪ್ಯೋತ್ರ್ ದ್ಮಿತ್ರಿಯೆವಿಚ್ ಆರ್ಥೊಡಾಕ್ಸ್ ಚರ್ಚಿನ ಪಾದ್ರಿ. ಪಾದ್ರಿ ಎಂದೊಡನೆ ನಮಗೆ ಮದುವೆಯಾಗದ ಕ್ಯಾಥೊಲಿಕ್ ಪಾದ್ರಿಗಳು ನೆನಪಾಗುತ್ತಾರೆ. ರಷ್ಯದಲ್ಲಿ ಊರ ಪಾದ್ರಿ ಗೃಹಸ್ಥ. ಬಿಷಪ್ ಪದವಿಗೆ ಏರುವವರು ಮಾತ್ರ ಸಂನ್ಯಾಸಿಗಳು. ನಮ್ಮಲ್ಲಿ ಊರ ಮಠದ ಅಯ್ಯನವರು ಸಂಸಾರಿಗಳಾಗಿಯೂ ವಿರಕ್ತಮಠದ ಸ್ವಾಮಿಗಳು ಬ್ರಹ್ಮಚಾರಿಗಳಾಗಿಯೂ ಇರುವ ಹಾಗೆ ಎಂದರೆ ಓದುಗರಿಗೆ ಬೇಗ ತಿಳಿದೀತು. ಪಾದ್ರಿಯ ಮಗ ಪಾದ್ರಿಯೇ ಆಗಬೇಕು, ಸೆಮಿನರಿ ಎಂಬ ಧರ್ಮಶಿಕ್ಷಣ ಶಾಲೆಯಲ್ಲಿಯೇ ಓದಬೇಕು ಎಂಬುದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ಕಟ್ಟು. ಬಡತನವಿದ್ದರೂ ಆ ಮನೆಗಳಲ್ಲಿ ಅಕ್ಷರವಿತ್ತು, ಪುಸ್ತಕವಿತ್ತು. 1860ರ ದಶಕದ ಸುಧಾರಣೆಗಳಿಂದ ಸೆಮಿನರಿಯ ಹುಡುಗರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಾಗ ಅವರು ಗುಂಪುಗುಂಪಾಗಿ ವಿಜ್ಞಾನದ ಕಡೆಗೆ ಹರಿದರು. ಮಣ್ಣಿನ ವಿಜ್ಞಾನಕ್ಕೆ ತಳಹದಿ ಹಾಕಿದ ದೊಕುಚಾಯೆವ್ ಪಾದ್ರಿಯ ಮಗ. 1895ರಲ್ಲಿ ರೇಡಿಯೋ ಅಲೆಗಳನ್ನು ಹಿಡಿಯುವ ಯಂತ್ರವನ್ನು ತೋರಿಸಿದ ಅಲೆಕ್ಸಾಂಡರ್ ಪೊಪೊವ್ ಕೂಡ ಪಾದ್ರಿಯ ಮಗ.

ಪಾವ್ಲೊವರ ತಂದೆಗೆ ಹಣ್ಣಿನ ತೋಟದ ಹುಚ್ಚು. ತಂದೆಯೊಡನೆ ಅಗೆಯುವುದು, ನೆಡುವುದು ಮಗನಿಗೆ ಚಿಕ್ಕಂದಿನ ಅಭ್ಯಾಸ. ಸೇಬನ್ನು ಒಣಹಾಕಿದ್ದ ಎತ್ತರದ ಅಟ್ಟದಿಂದ ಹುಡುಗ ಒಮ್ಮೆ ಕಲ್ಲುನೆಲಕ್ಕೆ ಬಿದ್ದ. ಬಹುಕಾಲ ಚೇತರಿಸಿಕೊಳ್ಳಲಿಲ್ಲ, ಶಾಲೆಗೆ ಸೇರಿದ್ದೇ ಹನ್ನೊಂದನೆಯ ವಯಸ್ಸಿಗೆ. ಆ ದಿನಗಳಲ್ಲಿ ಅವನನ್ನು ತನ್ನಲ್ಲಿಗೆ ಕರೆದೊಯ್ದು ಮೈ ಗಟ್ಟಿಮಾಡಿ ಓದು ಹಚ್ಚಿದವರು ಸಮೀಪದ ಸಂನ್ಯಾಸಿಮಠದ ಹಿರಿಯರು, ಹುಡುಗನ ಧರ್ಮಪಿತೃ. ಮುಂದೆ ಸೆಮಿನರಿಯಲ್ಲಿ ಓದುತ್ತಿದ್ದಾಗ ಸೆಚೆನೊವ್ ಎಂಬ ಶರೀರಶಾಸ್ತ್ರಜ್ಞ ಮಿದುಳಿನ ಪ್ರತಿಕ್ರಿಯೆಗಳ ಬಗೆಗೆ 1863ರಲ್ಲಿ ಬರೆದ ಗ್ರಂಥ ಕೈಗೆ ಬಿತ್ತು. 1870ರಲ್ಲಿ ತರುಣ ಪಾವ್ಲೊವ್ ಪಾದ್ರಿಯಾಗುವುದನ್ನು ಬಿಟ್ಟು ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ನಡೆದರು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಸಂಶೋಧನೆಯ ನಡುವೆಯೇ ಅವರಿಗೆ ಒಂದು ಕಿರುಕುಳ ಎದುರಾಗಿತ್ತು: ನಾಯಿಗೆ ಆಹಾರ ಬಾಯಿಗಿಡುವ ಮೊದಲೇ, ತರುವವನ ಹೆಜ್ಜೆಯ ಸದ್ದಿಗೇ ಜೊಲ್ಲು ಸುರಿಯುತ್ತಿತ್ತು. ಬೇರೆಯವರಾಗಿದ್ದರೆ ಆ ತೊಡಕನ್ನು ನಿವಾರಿಸಿಕೊಂಡು ಮುಂದೆ ಹೋಗುತ್ತಿದ್ದರು. ಪಾವ್ಲೊವ್ ಉಳಿದ ಆಯುಷ್ಯವನ್ನೆಲ್ಲ ಆ ತೊಡಕಿಗೇ ಕೊಟ್ಟರು. ಸದ್ದಿನೊಡನೆ ಆಹಾರವನ್ನು ಕೆಲವು ಸಲ ಜೋಡಿಸಿದರೆ ಸದ್ದೊಂದೇ ಸಾಕಾಗುವುದು, ಜೋಡಣೆ ತಪ್ಪಿದರೆ ಅದು ಮಾಸುವುದು. ಜೊಲ್ಲಿನ ಹನಿಗಳನ್ನು ಎಣಿಸಿ ಕಲಿಕೆಯನ್ನೂ ಮರೆವನ್ನೂ ಅಳೆಯಬಹುದಾಯಿತು. ನಮ್ಮ ಪಠ್ಯಪುಸ್ತಕಗಳು ಅನುಬಂಧಿತ ಪ್ರತಿಕ್ರಿಯೆ ಎನ್ನುವುದು ಇದನ್ನೇ. ಪಠ್ಯಗಳಲ್ಲಿ ಗಂಟೆಯದೇ ಮಾತು. ಅವರ ಪ್ರಯೋಗಶಾಲೆಯಲ್ಲಿ ತಾಳ ಹಾಕುವ ಮೆಟ್ರೊನೋಮ್, ಬೆಳಕು, ಸ್ಪರ್ಶ ಇವೆಲ್ಲ ಬಳಕೆಯಲ್ಲಿದ್ದವು.

1917ರ ಕ್ರಾಂತಿಯ ಬಳಿಕ ಪಾದ್ರಿಗಳ ಮೇಲೆ ಕಷ್ಟ ಮುರಿದು ಬಿತ್ತು. ಚರ್ಚುಗಳು ಮುಚ್ಚಿದವು, ಪಾದ್ರಿಗಳು ಸೆರೆಗೆ, ಗಡೀಪಾರಿಗೆ, ಗುಂಡಿಗೆ ಗುರಿಯಾದರು, ಅವರ ಮಕ್ಕಳೂ ತಂದೆಯ ಕುಲದ ಕಾರಣಕ್ಕೆ ಶಿಕ್ಷಣಕ್ಕೆ ಹೊರಗಾದರು. ಪಾವ್ಲೊವರಿಗೆ ಮಾತ್ರ ಸರಕಾರದ ರಕ್ಷೆಯಿತ್ತು. 1921ರ ಜನವರಿಯಲ್ಲಿ ಲೆನಿನ್ ಸ್ವತಃ ಆಜ್ಞಾಪತ್ರ ಹೊರಡಿಸಿ ಅವರ ಸಂಶೋಧನೆಗೂ ಮನೆಗೂ ವಿಶೇಷ ಅನುಕೂಲ ಕಲ್ಪಿಸಿದ್ದರು. ಸುಮ್ಮನಿದ್ದರೆ ಸುಖವಾಗಿರಬಹುದಿತ್ತು. 1924ರಲ್ಲಿ ಅವರು ಪ್ರಾಧ್ಯಾಪಕರಾಗಿದ್ದ ಸೈನಿಕ ವೈದ್ಯಕೀಯ ಅಕಾಡೆಮಿಯಿಂದ ಪಾದ್ರಿಗಳ ಮಕ್ಕಳನ್ನು ಹೊರಹಾಕಿದಾಗ, ತಾನೂ ಪಾದ್ರಿಯ ಮಗನೇ, ಅವರಿಗಿಲ್ಲದ ಸ್ಥಾನ ತನಗೂ ಬೇಡವೆಂದು ಮೂರು ದಶಕಗಳಿಗೆ ಸಮೀಪದ ಕಾಲ ಕುಳಿತಿದ್ದ ಶರೀರಶಾಸ್ತ್ರದ ಪೀಠವನ್ನು ಬಿಟ್ಟೆದ್ದರು. 1934ರಲ್ಲಿ ಆರೋಗ್ಯ ಖಾತೆಯ ಮುಖ್ಯಸ್ಥರಿಗೆ ಬರೆದ ಪತ್ರದಲ್ಲಿ, ತಾವು ವಿಚಾರವಾದಿಯಾಗಿಯೂ ಧರ್ಮದ ಮೇಲಿನ ದಮನವನ್ನು ಒಪ್ಪಲಾರೆನೆಂದು ತಿಳಿಸಿದರು. ಅವರನ್ನು ಪರಮ ಆಸ್ತಿಕರೆಂದು ಚಿತ್ರಿಸುವ ಕಥೆಗಳು ರಷ್ಯದಲ್ಲಿ ಬಹಳ ಹುಟ್ಟಿವೆ. ಅವುಗಳ ಅಗತ್ಯವೇನೂ ಇಲ್ಲವೆಂದು ನನಗೆ ತೋರುತ್ತದೆ. ಭಕ್ತೆಯಾಗಿದ್ದವರು ಅವರ ಪತ್ನಿ ಸೆರಾಫಿಮಾ, ಅವರಲ್ಲ. ನಂಬಿಕೆ ಕಳಚಿಕೊಂಡವನೊಬ್ಬ ನಂಬಿದವರ ಮಕ್ಕಳಿಗಾಗಿ ಪೀಠವನ್ನು ಬಿಟ್ಟನೆಂಬುದರಲ್ಲಿಯೇ ಅವರ ದೊಡ್ಡತನವಿದೆ. 1936ರ ಫೆಬ್ರುವರಿಯಲ್ಲಿ, 86ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಈ ಕಾಲದಲ್ಲಿ ಎದುರು ದಿಕ್ಕಿಗೆ ನಡೆದವರೂ ಒಬ್ಬರಿದ್ದರು. ಔಷಧ ವ್ಯಾಪಾರಿಯ ಮಗನಾದ ವೊಯ್ನೊ-ಯಾಸೆನೆತ್‌ಸ್ಕಿ ಎಂಬ ಶಸ್ತ್ರವೈದ್ಯರು 1919ರಲ್ಲಿ ಹೆಂಡತಿಯನ್ನು ಕ್ಷಯಕ್ಕೆ ಕಳೆದುಕೊಂಡು, ನಾಲ್ಕು ಮಕ್ಕಳ ಹೊಣೆಯ ನಡುವೆ, ಪಾದ್ರಿಗಳ ಬೇಟೆ ನಡೆದಿದ್ದ 1921ರಲ್ಲಿ ತಾಷ್ಕೆಂಟಿನಲ್ಲಿ ಪಾದ್ರಿದೀಕ್ಷೆ ಪಡೆದರು. ನಿಲುವಂಗಿ ಧರಿಸಿಯೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. 1923ರಲ್ಲಿ ಸಂನ್ಯಾಸ ಪಡೆದು ಲೂಕಾ ಎಂಬ ಹೆಸರಿನಿಂದ ಬಿಷಪ್ ಆದರು. ಅದರ ಬೆನ್ನಿಗೇ ಸೆರೆ. ಒಟ್ಟು ಹನ್ನೊಂದು ವರ್ಷ ಸೆರೆ, ಗಡೀಪಾರುಗಳಲ್ಲಿ ಕಳೆಯಿತು. ಕೀವುಗಟ್ಟುವ ರೋಗಗಳ ಶಸ್ತ್ರಚಿಕಿತ್ಸೆಯ ಮೇಲೆ 1934ರಲ್ಲಿ ಅವರು ಹೊರತಂದ ಗ್ರಂಥ ರಷ್ಯದ ವೈದ್ಯರಿಗೆ ಕೈಪಿಡಿಯಾಯಿತು. 1941ರಲ್ಲಿ ಯುದ್ಧ ಹತ್ತಿದಾಗ ಸೈಬೀರಿಯದ ಗಡೀಪಾರಿನಿಂದಲೇ ತಮ್ಮ ಸೇವೆಯನ್ನು ಬಳಸಿಕೊಳ್ಳಿರೆಂದು ಬರೆದು, ಕ್ರಾಸ್ನೊಯಾರ್ಸ್ಕಿನ ಸೈನಿಕ ಆಸ್ಪತ್ರೆಯಲ್ಲಿ ಮುಖ್ಯ ಶಸ್ತ್ರವೈದ್ಯರಾಗಿ ಗಾಯಾಳುಗಳನ್ನು ಉಳಿಸಿದರು. 1946ರಲ್ಲಿ ಸ್ಟಾಲಿನ್ ಪಾರಿತೋಷಕವಾಗಿ ಬಂದ ಎರಡು ಲಕ್ಷ ರೂಬಲ್ಲುಗಳಲ್ಲಿ ಒಂದು ಲಕ್ಷ ಮೂವತ್ತು ಸಾವಿರವನ್ನು ಅನಾಥ ಮಕ್ಕಳಿಗೆ ಸಲ್ಲಿಸಿದರು. ದಾಸೋಹದ ಅರ್ಥ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1961ರಲ್ಲಿ, ಕಣ್ಣು ಕಳೆದುಕೊಂಡ ವೃದ್ಧಾಪ್ಯದಲ್ಲಿ, ಕ್ರಿಮಿಯಾದಲ್ಲಿ ದೇಹ ಬಿಟ್ಟರು. 2000ದಲ್ಲಿ ರಷ್ಯದ ಚರ್ಚು ಅವರನ್ನು ಸಂತರೆಂದು ಘೋಷಿಸಿತು.

ದೇವರನ್ನು ಕಂಡಿರುವಿರಾ ಎಂದು ನ್ಯಾಯಾಲಯದಲ್ಲಿ ಒಬ್ಬ ಅಧಿಕಾರಿ ಕೆಣಕಿದಾಗ, ಮಿದುಳನ್ನು ಎಷ್ಟೋ ಸಲ ಕೊಯ್ದಿದ್ದೇನೆ, ಅಲ್ಲಿ ಬುದ್ಧಿಯನ್ನೂ ಕಂಡಿಲ್ಲವೆಂದು ಲೂಕಾ ಉತ್ತರಿಸಿದರೆಂಬ ಪ್ರಸಂಗವನ್ನು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆತ್ಮ, ಮನಸ್ಸು, ದೇಹಗಳನ್ನು ಕುರಿತು ಬರೆದ ತಮ್ಮ ಗ್ರಂಥದಲ್ಲಿ ಅವರು ಪಾವ್ಲೊವರ ಸಿದ್ಧಾಂತವನ್ನು ಎತ್ತಿಕೊಂಡು ಚರ್ಚಿಸಿದ್ದೂ ಉಂಟು. ಅರಿವು ಎಂಬುದು ಬರಿಯ ನರಗಳ ವ್ಯಾಪಾರವೋ ಅದಕ್ಕೂ ಮಿಗಿಲಾದುದೋ ಎಂಬ ಆ ವಾದವನ್ನು ಈ ಪುಟದಲ್ಲಿ ತೀರಿಸಲಾಗದು. ಆದರೆ ನರಗಳು ಕೆಟ್ಟರೆ ಅರಿವು ಕೆಡುವುದೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಾರದು.

ಇನ್ನು ದುಂಬಿಗೆ ಮರಳೋಣ. ಪಾವ್ಲೊವರ ವಿಧಾನವನ್ನು ವಿಜ್ಞಾನಿಗಳು ಮೊದಲು ಜೇನುಹುಳುವಿಗೆ, ಬಳಿಕ ದುಂಬಿಗೆ ಹೊಂದಿಸಿಕೊಂಡರು. ಹುಳುವನ್ನು ತಲೆ ಮಾತ್ರ ಹೊರಗಿರುವಂತೆ ಪುಟ್ಟ ನಳಿಕೆಯಲ್ಲಿ ಕೂರಿಸುತ್ತಾರೆ. ಒಂದು ಪರಿಮಳವನ್ನು ಅದರ ಮೇಲೆ ಊದುತ್ತಾರೆ. ಕೂಡಲೇ ಮೀಸೆಗೆ ಸಕ್ಕರೆನೀರು ತಾಗಿಸುತ್ತಾರೆ. ಸಿಹಿ ತಾಗಿದೊಡನೆ ಹುಳು ನಾಲಗೆ ಚಾಚುತ್ತದೆ. ಕೆಲವು ಸಲ ಹೀಗೆ ಮಾಡಿದ ಮೇಲೆ ಪರಿಮಳ ಬಂದರೆ ಸಾಕು, ಸಕ್ಕರೆ ಇಲ್ಲದೆಯೂ ನಾಲಗೆ ಹೊರಬರುತ್ತದೆ. ನಾಯಿಯ ಜೊಲ್ಲಿನ ಬದಲು ದುಂಬಿಯ ನಾಲಗೆ, ಅಷ್ಟೇ ವ್ಯತ್ಯಾಸ. 2015ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ದುಂಬಿಗಳಿಗೆ ಥಯಾಮೆಥೊಕ್ಸಾಮ್ ಬೆರೆಸಿದ ಸಕ್ಕರೆನೀರನ್ನು 24 ದಿನ ಕೊಟ್ಟರು. ಪ್ರಮಾಣ ಹೊಲದ ಹೂವಿನಲ್ಲಿ ಸಿಗುವಷ್ಟೇ: ನೂರು ಕೋಟಿ ಪಾಲಿನಲ್ಲಿ 2.4 ಪಾಲು. ಒಂದು ಸಲ ಉಂಡ ವಿಷದಿಂದ ಕಲಿಕೆಗೆ ಹೇಳುವಂಥ ಬಾಧೆ ಕಾಣಲಿಲ್ಲ. ದಿನದಿನವೂ ಉಂಡವು ಮಾತ್ರ ಪರಿಮಳವನ್ನು ತಡವಾಗಿ ಕಲಿತವು; ಕಲಿತದ್ದೂ ಬೇಗ ನೆನಪಿನಿಂದ ಜಾರಿತು.

ಈ ಮರೆವಿನ ಬೆಲೆ ಎಷ್ಟೆಂಬುದು ಬೇರೆ ಸಂಶೋಧನೆಗಳಿಂದ ತಿಳಿದುಬಂದಿದೆ. 2012ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು 75 ಗೂಡುಗಳನ್ನು ತೆಗೆದುಕೊಂಡು, ಕೆಲವಕ್ಕೆ ಎರಡು ವಾರ ಅಲ್ಪ ಪ್ರಮಾಣದ ಇಮಿಡಾಕ್ಲೋಪ್ರಿಡ್ ಉಣಿಸಿ ಎಲ್ಲವನ್ನೂ ಬಯಲಿಗೆ ಬಿಟ್ಟರು. ವಿಷ ಕಾಣದ ಗೂಡುಗಳಲ್ಲಿ ಸರಾಸರಿ ಹದಿನಾಲ್ಕರಷ್ಟು ಹೊಸ ರಾಣಿಯರು ಹುಟ್ಟಿದರು. ವಿಷ ಕಂಡ ಗೂಡುಗಳಲ್ಲಿ ಎರಡು, ಇಲ್ಲವೆ ಅದಕ್ಕೂ ಕಡಮೆ. ಮರುವರ್ಷದ ವಂಶವೆಲ್ಲ ಹೊಸ ರಾಣಿಯರ ಒಡಲಲ್ಲಿದೆ ಎಂದು ಮೇಲೆ ಹೇಳಿದ್ದನ್ನು ಓದುಗರು ಇಲ್ಲಿ ನೆನಪಿಸಿಕೊಳ್ಳಬೇಕು. 2018ರಲ್ಲಿ ಅಮೆರಿಕದ ಸಂಶೋಧಕರು ದುಂಬಿಗಳ ಬೆನ್ನಿಗೆ ಗುರುತುಚೀಟಿ ಅಂಟಿಸಿ ಗೂಡಿನೊಳಗನ್ನು ಹಗಲಿರುಳು ನೋಡಿದಾಗ, ವಿಷವುಂಡವು ಮರಿಗಳ ಆರೈಕೆಯನ್ನೇ ಕಡಮೆ ಮಾಡಿ, ಅದರಲ್ಲೂ ರಾತ್ರಿಯ ವೇಳೆ, ಸುಮ್ಮನೆ ದೂರ ಕುಳಿತಿದ್ದವು. ಇಷ್ಟು ಸಾಲದೆಂಬಂತೆ, ಶುದ್ಧ ಸಕ್ಕರೆನೀರನ್ನೂ ವಿಷ ಬೆರೆತ ಸಕ್ಕರೆನೀರನ್ನೂ ಎದುರಿಗಿಟ್ಟರೆ ದುಂಬಿಗಳು ವಿಷದ್ದನ್ನೇ ಹೆಚ್ಚು ಕುಡಿದವೆಂದು 2015ರ ಇನ್ನೊಂದು ಪ್ರಯೋಗ ತೋರಿಸಿತು. ಅದರ ರುಚಿ ಅವಕ್ಕೆ ತಿಳಿಯದು. ನರಗಳಿಗೆ ಮಾತ್ರ ಅದು ಹತ್ತುತ್ತದೆ. ಹೊಗೆಸೊಪ್ಪಿನ ಚಟವನ್ನು ಮನೆಯಲ್ಲಿ ಕಂಡವರಿಗೆ ಇದು ಅಚ್ಚರಿಯೆನಿಸದು.

ಜೇನುಹುಳುವಿಗೆ ಏನೂ ಆಗಲಿಲ್ಲವಲ್ಲ ಎಂಬುದು ಔಷಧ ಕಂಪನಿಗಳ ಕಡೆಯವರ ವಾದ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. 2015ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಬೀಜೋಪಚಾರ ಮಾಡಿದ ಎಂಟು ಹೊಲ, ಮಾಡದ ಎಂಟು ಹೊಲಗಳನ್ನು ಹೋಲಿಸಿದರು. ಬೆಳೆ ನಮ್ಮ ಸಾಸಿವೆಯ ಬಳಗದ ಎಣ್ಣೆಕಾಳು. ಜೇನುಗೂಡುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದುಂಬಿಗೂಡುಗಳು ಮಾತ್ರ ತೂಕ ಏರದೆ ಕುಗ್ಗಿದವು. ಸಾವಿರಾರು ಹುಳುಗಳ ಸಂಸಾರದಲ್ಲಿ ಕೆಲವು ದಾರಿ ಮರೆತರೂ ಮನೆ ನಡೆಯುತ್ತದೆ, ನೂರರ ಸಂಸಾರದಲ್ಲಿ ನಡೆಯದು ಎಂಬುದು ಇದಕ್ಕೆ ಒಂದು ವಿವರಣೆ. ಜೇನನ್ನು ಪರೀಕ್ಷಿಸಿ ಎಲ್ಲ ದುಂಬಿಗಳ ಪರವಾಗಿ ತೀರ್ಪು ಕೊಡುವುದು ಸಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು. ಯುರೋಪಿನ ಒಕ್ಕೂಟ 2013ರಲ್ಲಿ ಈ ಮೂರು ವಿಷಗಳ ಬಳಕೆಗೆ ಮಿತಿ ಹಾಕಿ, 2018ರಲ್ಲಿ ಬಯಲು ಬೇಸಾಯಕ್ಕೆ ಅವನ್ನು ಪೂರ್ತಿ ನಿಷೇಧಿಸಿತು.

ಪಾವ್ಲೊವರ ನಾಡಿನಲ್ಲಿ ಏನಾಯಿತು? 2019ರ ಬೇಸಿಗೆಯಲ್ಲಿ ರಷ್ಯದ ಹಲವಾರು ಪ್ರಾಂತಗಳಲ್ಲಿ ಜೇನುಪೆಟ್ಟಿಗೆಗಳ ಮುಂದೆ ಸತ್ತ ಹುಳುಗಳು ರಾಶಿ ಬಿದ್ದವು. ಎಣ್ಣೆಕಾಳಿನ ಹೊಲಗಳಿಗೆ ಹೂ ಬಿಟ್ಟಿದ್ದಾಗಲೇ ಸಿಂಪಡಿಸಿದ ಔಷಧವೇ ಕಾರಣವೆಂದು ಜೇನುಗಾರರು ದೂರಿದರು. ಸಿಂಪಡಿಸುವ ಮೊದಲು ಸುತ್ತಲಿನ ಜೇನುಗಾರರಿಗೆ ತಿಳಿಸಬೇಕೆಂಬ ನಿಯಮ ಅಲ್ಲಿ ಮೊದಲಿನಿಂದ ಇತ್ತು. ಕೀಟನಾಶಕಗಳ ಬಳಕೆಯ ಮೇಲೆ ಕಣ್ಣಿಡುವ ಅಧಿಕಾರವನ್ನು ಕೃಷಿ ತಪಾಸಣಾ ಇಲಾಖೆಯಿಂದ 2011ರಲ್ಲಿ ತೆಗೆದುಬಿಟ್ಟಿದ್ದರು. ಈ ಗದ್ದಲದ ಬಳಿಕ 2021ರಲ್ಲಿ ಅದನ್ನು ಮರಳಿ ಕೊಡಲಾಯಿತು. ಜೇನಿಗೆ ಒಡೆಯನಿದ್ದ, ಪೆಟ್ಟಿಗೆಗೆ ಲೆಕ್ಕವಿತ್ತು, ಆದ್ದರಿಂದ ದೂರು ಹುಟ್ಟಿತು. ಅದೇ ಹೊಲದ ಬದುವಿನ ಬಿಲದಲ್ಲಿದ್ದ ಶ್ಮೆಲ್‌ಗಳ ಪರವಾಗಿ ದೂರು ಕೊಡಲು ಒಡೆಯನೇ ಇಲ್ಲ.

ನಮ್ಮ ಹತ್ತಿಯ ಬೀಜಕ್ಕೂ ಸೂರ್ಯಕಾಂತಿಯ ಬೀಜಕ್ಕೂ ಇಮಿಡಾಕ್ಲೋಪ್ರಿಡ್ ಹಚ್ಚುವ ರೂಢಿಯಿದೆ. ಬೇರೆ ಬೇರೆ ವ್ಯಾಪಾರೀ ಹೆಸರುಗಳಲ್ಲಿ ಅಂಗಡಿಯಲ್ಲಿ ಸಿಗುವ ಹಲವು ಬಾಟಲಿಗಳಲ್ಲಿ ಇರುವುದು ಇದೇ ಕುಲದ ವಿಷ. ಬಾಟಲಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನವನ್ನು ನೋಡಿ, ಹಸಿರಾದರೆ ಅಪಾಯವಿಲ್ಲವೆಂದು ಮನೆಯವರು ಸಮಾಧಾನ ತಾಳುತ್ತಾರೆ. ಆ ಬಣ್ಣವನ್ನು ನಿಶ್ಚಯಿಸುವುದು ಪರೀಕ್ಷೆಗೊಳಪಡಿಸಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ವಿಷ ಬೇಕೆಂಬ ಲೆಕ್ಕದಿಂದ. ಆ ಪ್ರಾಣಿಗಳು ಇಲಿಯಂಥವು, ಎಣಿಸುವುದು ಸಾವನ್ನು. ತುಡುವೆಯ ವಿಷಯವಾಗಲಿ, ತೊಗರಿಗೆ ಬರುವ ಕರಿದುಂಬಿಯ ವಿಷಯವಾಗಲಿ, ದಾರಿ ಮರೆಯುವ ವಿಷಯವಾಗಲಿ ಆ ತ್ರಿಕೋನದಲ್ಲಿ ಇಲ್ಲ. ಹೂವಾದ ಬೆಳೆಗೆ ಔಷಧ ಹೊಡೆಯದಿರುವುದು, ಹೊಡೆಯಲೇಬೇಕಾದರೆ ಹುಳುಗಳು ಗೂಡಿಗೆ ಮರಳಿದ ಸಂಜೆಯ ಮೇಲೆ ಹೊಡೆಯುವುದು, ನೆರೆಯಲ್ಲಿ ಜೇನು ಸಾಕಿದವರಿದ್ದರೆ ಹಿಂದಿನ ದಿನವೇ ಹೇಳಿ ಕಳಿಸುವುದು ಎಲ್ಲ ರೈತರಿಗೂ ಸಾಧ್ಯವಾದ ಕೆಲಸ. ಆದರೆ ಸಂಜೆಯ ಈ ಎಚ್ಚರಿಕೆ ಬೀಜಕ್ಕೆ ಹಚ್ಚಿದ ಔಷಧದ ವಿಷಯದಲ್ಲಿ ನಡೆಯದು. ಅದು ಗಿಡದೊಳಗಿದ್ದು ಹಗಲೂ ಹೂವಿಗೆ ಬರುತ್ತದೆ. ಆದ್ದರಿಂದ ಬಿತ್ತನೆಗೆ ಮುಂಚೆ ಬೀಜದ ಚೀಲವನ್ನು ತಿರುಗಿಸಿ ಯಾವ ಔಷಧ ಹಚ್ಚಿದೆ ಎಂಬುದನ್ನು ಓದಿಕೊಳ್ಳಬೇಕು. ಅಕ್ಷರ ಸಣ್ಣದಿರುತ್ತದೆ, ಕೆಲವು ಚೀಲಗಳಲ್ಲಿ ಇಂಗ್ಲಿಷಿನಲ್ಲಿಯೇ ಇರುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಬಹುದು.